ಕಾವಿಗಿಡುವ ಮೊದಲೇ ಮೊಟ್ಟೆಯಲ್ಲಿ ನಡೆಯುವ ಬೆಳವಣಿಗೆ

ಹೇಂಟೆಯು ಕಾವಿಗೆ ಕುಳಿತ ದಿನದಿಂದ ಮರಿಯ ಬೆಳವಣಿಗೆ ಆರಂಭವಾಗುವುದೆಂಬುದು ಸಾಮಾನ್ಯವಾದ ಭಾವನೆ. ವಾಸ್ತವವಾಗಿ ಆ ಕಾರ್ಯವು ಮೊಟ್ಟೆಯಿಡುವುದಕ್ಕೆ ಸುಮಾರು ಒಂದು ದಿನ ಮುಂಚೆ ಹೇಂಟೆಯ ಒಡಲಿನಲ್ಲಿಯೇ ಮೊದಲಾಗಿರುವುದು.

ಮೊಟ್ಟೆಯ ಹಳದಿ ಭಾಗವು ಅಂಡಾಶಯದಿಂದ ಕಳಚಿ ಅಂಡನಾಳವನ್ನು ಸೇರಿದೊಡನೆ ಹುಂಜದ ವೀರ್ಯಾಣುವಿನಿಂದ ಫಲಿತವಾಗುವುದು. ಸುಮಾರು 5 ಗಂಟೆಗಳ ತರುವಾಯ ಅದರ ಮೇಲಣ ಬಿಳಿಯ ಚುಕ್ಕೆಯು ಎರಡು ಜೀವಕೋಶಗಳಾಗಿ ಒಡೆಯುವುದು. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಹೆಚ್ಚುತ್ತ, ಮೊಟ್ಟೆಯು ಹೊರಬೀಳುವ ವೇಳೆಗೆ ಕೋಶಗಳು ಹತ್ತಾರು ಸಾವಿರವಾಗುವುವು. ಹಳದಿ ಭಾಗವು ಒಡೆಯುವುದಿಲ್ಲ. ಅದು ಬೆಳೆಯುವ ಮರಿಗೆ ಆಹಾರ.

ಹೊರಬಿದ್ದ ಮೊಟ್ಟೆಯು ತಣಿದೊಡನೆ ಈ ವಿಭಜನೆಯು ಬಹುಮಟ್ಟಿಗೆ ನಿಲ್ಲುವುದು. ಸುಮಾರು 38 ಡಿಗ್ರಿ ಸೆಂಟಿಗ್ರೇಡ್ ಕಾವು ದೊರೆತರೆ ಮತ್ತೆ ಮುಂದುವರಿದು, ಸುಮಾರು 21 ದಿನಗಳಲ್ಲಿ ಮರಿಯು ಹೊರಬರುವುದು. ತಂಪಿಗೂ ಈ ಕಾವಿಗೂ ನಡುವಣ ಉಷ್ಣವೇ ಅಪಾಯಕರವಾದುದು. ಬೇಸಗೆಯಲ್ಲಿ ಅಟ್ಟದ ಮೇಲೋ ಒಲೆಯ ಬಳಿಯೋ ಇಟ್ಟ ಮೊಟ್ಟೆಯಲ್ಲಿ ಕೋಶಗಳು ಕ್ರಮತಪ್ಪಿ ಒಡೆಯುತ್ತ, ಭ್ರೂಣವು ಬಲಗುಂದಿ ಸಾಯುವುದುಂಟು. ಮರಿಯಾಗದಿದ್ದರೆ ಹುಂಜವನ್ನು ದೂಷಿಸುವರು. ಅನೇಕ ವೇಳೆ ದೋಷವು ಮೊಟ್ಟೆಯನ್ನಿಟ್ಟ ಸ್ಥಳದ್ದಾಗಿರುವುದು.

ಆದುದರಿಂದ ಮರಿಮಾಡಿಸುವ ಮೊಟ್ಟೆಗಳನ್ನು ದಿನಕ್ಕೆ ಎರಡು ಮೂರು ಬಾರಿ ಆಯ್ದು, 15ರಿಂದ 18 ಡಿಗ್ರಿ ಉಷ್ಣವಿರುವೆಡೆಯಲ್ಲಿ, ಅಗಲವಾದ ತುದಿಯು ಮೇಲಾಗುವಂತೆ ಇಡತಕ್ಕದ್ದು. ಅಷ್ಟು ತಂಪು ದೊರೆಯದ ಕಡೆ, ನೆರಳಿನಲ್ಲಿ ತೇವದ ಮರಳಿನ ಮೇಲಿರಿಸಿದ ಮಣ್ಣಿನ ಮಡಕೆಯನ್ನು ಉಪಯೋಗಿಸಬಹುದು. ಒಂದು ವಾರದೊಳಗೆ, ಬೇಸಗೆಯಲ್ಲಿ ಇನ್ನೂ ಬೇಗನೆ, ಕಾವಿಗಿಡುವುದು ಉತ್ತಮ. ಗ್ರಾಮದ ಮುಖಂಡರು ಈ ಕ್ರಮವನ್ನು ಮೊದಲು ತಮ್ಮ ಮನೆಗಳಲ್ಲಿ ಆಚರಿಸಿ ತೋರಿಸಿದಲ್ಲಿ ಇತರ ರೈತರೂ ಸುಲಭವಾಗಿ ಅನುಸರಿಸುವರು.