ಎದೆಬಡಿತ ಮರಳಿದ ಮೇಲೆ

ಹೃದಯಾಘಾತವೂ ಹೃದಯಸ್ತಂಭನವೂ ನಮ್ಮ ಕಡೆಯ ಜನರ ಬಾಯಲ್ಲಿ ಒಂದೇ: ‘ಹಾರ್ಟ್ ಅಟ್ಯಾಕ್’. ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯುವಿಗೆ ರಕ್ತ ತಲುಪದಿರುವುದು ಆಘಾತ. ಅಲ್ಲಿ ರೋಗಿ ತನ್ನ ನೋವನ್ನು ಹೇಳಿಕೊಳ್ಳಬಲ್ಲ. ಲಯ ತಪ್ಪಿದ ಹೃದಯವು ರಕ್ತವನ್ನು ಹೊರದೂಡುವುದನ್ನೇ ನಿಲ್ಲಿಸುವುದು ಸ್ತಂಭನ. ಆಗ ರೋಗಿ ಕುಸಿದು ಬೀಳುತ್ತಾನೆ. ನಾಲ್ಕೈದು ನಿಮಿಷಗಳಲ್ಲಿ ಮಿದುಳು ಘಾಸಿಗೊಳ್ಳತೊಡಗುತ್ತದೆ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಅಗಲಿದಾಗ ನಾಡು ಬೆಚ್ಚಿತು. ಅವರ ಹೆಸರಿನಲ್ಲಿ 2024ರಲ್ಲಿ ಆರಂಭವಾದ ‘ಹೃದಯ ಜ್ಯೋತಿ’ ಯೋಜನೆಯು ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡುವ ವ್ಯವಸ್ಥೆ. ಅದು ಸ್ವಾಗತಾರ್ಹ. ಆದರೆ ಸ್ತಂಭನದಿಂದ ಬದುಕಿ ಬಂದವನ ಮುಂದಿನ ದಿನಗಳ ಬಗ್ಗೆ ಚರ್ಚೆಯೇ ನಡೆಯುತ್ತಿಲ್ಲ.

ಹಾನಗಲ್, ಶಿಗ್ಗಾವಿ, ಸವಣೂರಿನ ಇಂಥ ರೋಗಿ ಕೊನೆಗೆ ಸೇರುವುದು ಬಹುಮಟ್ಟಿಗೆ ಹುಬ್ಬಳ್ಳಿ ಅಥವಾ ಧಾರವಾಡವನ್ನು; ಹಿರೇಕೆರೂರಿನವರಿಗೆ ದಾವಣಗೆರೆ, ಶಿವಮೊಗ್ಗ ಹತ್ತಿರ. ಎದೆಬಡಿತ ಮರಳಿದರೂ ಪ್ರಜ್ಞೆ ಕೂಡಲೇ ಮರಳುವುದಿಲ್ಲ. ವೆಂಟಿಲೇಟರ್, ನಿದ್ರೆಯ ಔಷಧ, ಜ್ವರ ಏರದಂತೆ ನಿಗಾ. ಮಿದುಳಿಗೆ ಎಷ್ಟು ಪೆಟ್ಟಾಗಿದೆ ಎಂಬ ತೀರ್ಮಾನಕ್ಕೆ ಸಾಮಾನ್ಯವಾಗಿ 72 ಗಂಟೆಗಳಾದರೂ ಕಾಯಬೇಕು. ಹೊರಗಿನ ವರಾಂಡದಲ್ಲಿ ಮೂರು ರಾತ್ರಿ ಚಾಪೆ ಹಾಸಿಕೊಂಡವರಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ‘ಏನಾರ ಹೇಳ್ರಿ ಸಾಹೇಬ್ರ’ ಎಂಬ ಮೊರೆಗೆ ದೊರೆಯುವ ಮೌನವನ್ನು ಅವರು ವಂಚನೆಯೆಂದೇ ತಿಳಿಯುತ್ತಾರೆ. ಹೊಡೆದಾಟಗಳು ಹುಟ್ಟುವುದು ಬಹುಶಃ ಇಲ್ಲಿಯೇ.

ಎಚ್ಚರಗೊಂಡವನು ಕೇಳಿದ್ದನ್ನೇ ಕೇಳುತ್ತಾನೆ. ಬಿದ್ದ ದಿನದ ನೆನಪಿರುವುದಿಲ್ಲ, ಕೆಲವೊಮ್ಮೆ ಮಕ್ಕಳ ಹೆಸರು ತಡವರಿಸುತ್ತದೆ. ಮನೆಯವರು ‘ತಲೆ ಕೆಟ್ಟಿತು’ ಎಂದು ಕಂಗಾಲಾಗುತ್ತಾರೆ. ಹಲವರಲ್ಲಿ ಈ ಗೊಂದಲ ದಿನ ಕಳೆದಂತೆ ತಿಳಿಯಾಗುತ್ತದೆ. ಕೆಲವರಲ್ಲಿ ಮರೆವು ಉಳಿದುಬಿಡುತ್ತದೆ. ಉಸಿರೆಳೆದರೆ ಪಕ್ಕೆಲುಬು ನೋಯುತ್ತದೆ. ಅದು ಯಾರೋ ಎದೆಯೊತ್ತಿ ಜೀವ ಉಳಿಸಿದ್ದರ ಗುರುತು.

ನಿಜವಾದ ಕಷ್ಟ ಡಿಸ್ಚಾರ್ಜ್ ಆದ ಮೇಲಿನದು. ಮಾತ್ರೆಯ ಚೀಟಿಯೊಂದಿಗೆ ಊರಿಗೆ ಬಂದವನು ಹೊಲಕ್ಕೆ ಹೋಗಬಹುದೇ, ಟ್ರ್ಯಾಕ್ಟರ್ ಹತ್ತಬಹುದೇ, ಎದೆಯಲ್ಲಿ ಅಳವಡಿಸಿದ ಡಿಫಿಬ್ರಿಲೇಟರ್ ಝಳಕು ಹೊಡೆದರೆ ಏನು ಮಾಡಬೇಕು? ರಾತ್ರಿ ಕಣ್ಣು ಮುಚ್ಚಲೂ ಅಂಜಿಕೆ. ಈ ಖಿನ್ನತೆಯೂ ಕಾಯಿಲೆಯ ಭಾಗ. ವೈದ್ಯರ ನಿಗಾದಲ್ಲಿ ಹಂತಹಂತವಾಗಿ ನಡಿಗೆ, ವ್ಯಾಯಾಮ, ಆಪ್ತ ಸಮಾಲೋಚನೆ ನೀಡುವ ಹೃದಯ ಪುನಶ್ಚೇತನವು ಚಿಕಿತ್ಸೆಯಷ್ಟೇ ಮುಖ್ಯವೆಂದು ವೈದ್ಯಶಾಸ್ತ್ರ ಒಪ್ಪಿದೆ. ಇದಕ್ಕೆ ಕೋಟಿಗಟ್ಟಲೆ ಯಂತ್ರ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ, ಒಬ್ಬ ವೈದ್ಯ, ಒಬ್ಬ ಫಿಸಿಯೊಥೆರಪಿಸ್ಟ್, ರಕ್ತದೊತ್ತಡ ನೋಡಲು ಒಬ್ಬ ದಾದಿ ಸಾಕು. ಸಂತೆಯ ದಿನವನ್ನೇ ಆರಿಸಿಕೊಂಡರೆ ಹಳ್ಳಿಯವರಿಗೆ ಬಸ್ ಚಾರ್ಜೂ ಉಳಿದೀತು.

ಆದರೆ ಅಲ್ಲಿಯವರೆಗೆ ಬರಲು ಮೊದಲು ಬದುಕಬೇಕು. ಎದೆಯೊತ್ತಡವಿಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಉಳಿಯುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಗ್ಗುತ್ತದೆ. 108 ಆಂಬುಲೆನ್ಸ್ ಎಷ್ಟು ಬೇಗ ಹೊರಟರೂ ಹಾನಗಲ್ ಸೀಮೆಯ ಒಳಹಳ್ಳಿಗೆ ಐದು ನಿಮಿಷದಲ್ಲಿ ಬಾರದು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಮೂವರು 1960ರಲ್ಲೇ ಜಗತ್ತಿಗೆ ತಿಳಿಸಿದ ವಿಧಾನಕ್ಕೆ ಬೇಕಾದದ್ದು ಎರಡು ಕೈ ಮಾತ್ರ: ಎದೆಯ ನಡುವೆ, ಐದು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ. ಬಸ್ ನಿರ್ವಾಹಕರು, ಎಪಿಎಂಸಿ ಹಮಾಲರು, ಪ್ರೌಢಶಾಲೆಯ ಮಕ್ಕಳು ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಲ್ಲರು. ಕಲಿಸುವ ಹೊಣೆಯನ್ನು ಜಿಲ್ಲಾ ಆರೋಗ್ಯ ಇಲಾಖೆ ವಹಿಸಿಕೊಳ್ಳಬೇಕು.