ದೆಂಜಿ ಮರಿಗೆ ದಾರಿ ನೆನಪಿರುತ್ತದೆಯೇ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಗದ್ದೆಯ ಹುಣಿಯಲ್ಲೋ ಅಡಿಕೆ ತೋಟದ ಕಣಿಯಲ್ಲೋ ಬಿಲ ತೋಡಿಕೊಂಡಿರುವ ಏಡಿಯನ್ನು ತುಳುವಿನಲ್ಲಿ ದೆಂಜಿ ಎನ್ನುತ್ತಾರೆ. ಮಳೆ ಹಿಡಿದ ಮೇಲೆ ಸಿಗುವ ಹೆಣ್ಣು ದೆಂಜಿಯನ್ನು ಅಂಗಾತ ಹಿಡಿದು, ಹೊಟ್ಟೆಗೆ ಒತ್ತಿಕೊಂಡಿರುವ ಅಗಲವಾದ ಮಡಿಕೆಯನ್ನು ಮೆಲ್ಲಗೆ ಸರಿಸಿದರೆ ಒಮ್ಮೊಮ್ಮೆ ಒಳಗೆ ಮರಿಗಳು ಗಿಜಿಗುಡುತ್ತಿರುತ್ತವೆ. ಒಂದೊಂದೂ ಕೆಲವೇ ಮಿಲಿಮೀಟರ್ ಅಗಲ. ಆದರೂ ಎಂಟು ನಡೆಗಾಲು, ಎರಡು ಇಕ್ಕುಳಗೈ, ದಂಟಿನ ತುದಿಯ ಕಣ್ಣು ಎಲ್ಲವೂ ತಾಯಿಯ ಹಾಗೆಯೇ.

ಸಮುದ್ರದ ಏಡಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದು ಬಂದದ್ದು ಏಡಿಯ ಹಾಗೆ ಕಾಣುವುದೇ ಇಲ್ಲ. ವಾರಗಟ್ಟಲೆ ನೀರಿನಲ್ಲಿ ತೇಲಿ, ಹಲವು ರೂಪ ತಳೆದು, ಆಮೇಲೆ ಏಡಿಯಾಗುತ್ತದೆ. ಸಿಹಿನೀರಿನ ದೆಂಜಿಗೆ ಆ ತೇಲುವ ಬಾಲ್ಯವಿಲ್ಲ. ಇಡುವುದು ಕೆಲವೇ ಮೊಟ್ಟೆ, ಅವೂ ದೊಡ್ಡವು. ರೂಪಾಂತರವೆಲ್ಲ ಮೊಟ್ಟೆಯೊಳಗೇ ಮುಗಿಯುತ್ತದೆ. ತಾಯಿಯ ಮಡಿಲಿಂದ ಇಳಿದ ಮರಿ ಅಂದೇ ನಡೆಯಬೇಕು, ಅಡಗಬೇಕು, ತಿನ್ನುವುದನ್ನು ಹುಡುಕಬೇಕು. ಎಳೆಯ ಪ್ರಾಣಿ ಎಷ್ಟು ಬೇಗ ಕಲಿಯುತ್ತದೆ, ಕಲಿತದ್ದು ಎಷ್ಟು ದಿನ ಉಳಿಯುತ್ತದೆ ಎಂದು ಅಳೆಯುವವರಿಗೆ ಇದಕ್ಕಿಂತ ಅನುಕೂಲದ ಜೀವಿ ಸಿಗುವುದು ಕಷ್ಟ. ಅಳೆಯುವ ಸಾಧನವೂ ಸರಳ: ಗೋಡೆಗಳಿಂದ ದಾರಿ ಕವಲೊಡೆಸಿದ ಒಂದು ಪೆಟ್ಟಿಗೆ, ಅಂದರೆ ಸಿಕ್ಕುದಾರಿ.

ಇಲಿಗಳನ್ನು ಇಂಥ ದಾರಿಗೆ ಬಿಟ್ಟು ನೋಡುವ ಪದ್ಧತಿ ಅಮೆರಿಕದಲ್ಲಿ 1900ರ ಹೊತ್ತಿಗೆ ಶುರುವಾಯಿತು. ಏಡಿಗಳ ಸರದಿ ಬರಲು ತಡವಾಗಲಿಲ್ಲ. ರಾಬರ್ಟ್ ಯರ್ಕೀಸ್ 1902ರಲ್ಲಿ ಏಡಿಯ ಮೇಲೆ, ಮರುವರ್ಷ ಅದರ ನೆಂಟನಾದ ಕ್ರೇಫಿಶ್ ಮೇಲೆ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ಕ್ರೇಫಿಶ್‌ನ ಪೆಟ್ಟಿಗೆಯಲ್ಲಿ ಎರಡೇ ದಾರಿ. ಒಂದನ್ನು ಗಾಜಿನಿಂದ ಮುಚ್ಚಿದ್ದರು. ಆರಂಭದಲ್ಲಿ ಪ್ರಾಣಿಗಳು ಸರಿದಾರಿ ಹಿಡಿದದ್ದು ಅರ್ಧದಷ್ಟು ಸಲ, ಅಂದರೆ ಬರೀ ಆಕಸ್ಮಿಕ. ಅರವತ್ತು ಸುತ್ತು ಕಳೆಯುವಾಗ ಅದು ಶೇ. 90ಕ್ಕೆ ಏರಿತ್ತು.

ನನಗೆ ಹೆಚ್ಚು ಮನದಟ್ಟಾದದ್ದು 2019ರ ಪ್ರಯೋಗ. ಬ್ರಿಟನ್ನಿನ ಸ್ವಾನ್ಸಿ ವಿಶ್ವವಿದ್ಯಾಲಯದವರು ಕಡಲತೀರದ 12 ಏಡಿಗಳಿಗೆ ಐದು ತಿರುವು, ಮೂರು ಕುರುಡು ಓಣಿಗಳಿದ್ದ ದಾರಿ ಕಟ್ಟಿದರು. ಕೊನೆಯಲ್ಲಿ ಜಜ್ಜಿದ ಪಚ್ಚಿಲೆಯ ಮಾಂಸ. ವಾರಕ್ಕೊಮ್ಮೆಯಂತೆ ನಾಲ್ಕು ವಾರ ಬಿಟ್ಟಾಗ ಸಮಯ ಇಳಿಯಿತು, ತಪ್ಪು ತಿರುವು ಕಡಿಮೆಯಾಯಿತು. ಆಮೇಲೆ ಎರಡು ವಾರ ಸುಮ್ಮನಿದ್ದು, ಈ ಸಲ ಆಹಾರವನ್ನೇ ಇಡದೆ ಬಿಟ್ಟರು. ಎಲ್ಲವೂ ಎಂಟು ನಿಮಿಷದೊಳಗೆ ಕೊನೆ ಮುಟ್ಟಿದವು. ಆ ದಾರಿಯನ್ನು ಕಂಡೇ ಇರದ ಬೇರೆ ಏಡಿಗಳಲ್ಲಿ ಹಲವು ಒಂದು ಗಂಟೆಯಾದರೂ ಮುಟ್ಟಲಿಲ್ಲ. ಆಹಾರ ಇಡದಿದ್ದದ್ದೇ ಇಲ್ಲಿಯ ಜಾಣ್ಮೆ. ಮೂಗಿಗೆ ಮಾಂಸದ ವಾಸನೆಯೇ ಇಲ್ಲದಾಗ ಏಡಿಯನ್ನು ನಡೆಸಿದ್ದು ನೆನಪು.

ಮರಿಗಳಿಗೆ ಪೆಟ್ಟಿಗೆ ಮಾಡುವಾಗ ದೊಡ್ಡದನ್ನೇ ಕುಗ್ಗಿಸಿದರೆ ಸಾಲದು. ಓಣಿ ತೀರಾ ಅಗಲವಾದರೆ ಮರಿ ಗೋಡೆಗೆ ಮೈ ತಾಗಿಸಿಕೊಂಡೇ ಸಾಗುತ್ತದೆ. ಅದು ಆಯ್ಕೆಯಲ್ಲ, ಹುಟ್ಟುಗುಣ. ತೀರಾ ಕಿರಿದಾದರೆ ತಿರುಗಿ ಬರಲಾಗದು. ಅಕ್ರಿಲಿಕ್ ಹಾಳೆಯ ನುಣುಪಿನ ಮೇಲೆ ಅದರ ಕಾಲು ಜಾರುತ್ತದೆ, ಹಾಗಾಗಿ ತಳಕ್ಕೆ ಸಣ್ಣ ಮರಳನ್ನು ಅಂಟಿಸಬೇಕು. ಗೋಡೆ ಪಾರದರ್ಶಕವಾಗಿದ್ದರೆ ಆಚೆಯ ಮನುಷ್ಯನ ನೆರಳು ಕಂಡು ಮರಿ ಕಲ್ಲಿನಂತೆ ನಿಂತುಬಿಡುತ್ತದೆ. ಮೇಲಿನಿಂದ ಕ್ಯಾಮೆರಾ ಇರಬೇಕು, ಮನುಷ್ಯ ದೂರ ಇರಬೇಕು. ಬಹುಪಾಲು ಏಡಿಗಳಿಗೆ ಕೆಂಪು ಬೆಳಕು ಅಷ್ಟಾಗಿ ಕಾಣದು. ಕತ್ತಲಲ್ಲಿ ಓಡಾಡುವ ಪ್ರಾಣಿಯನ್ನು ನೋಡಲು ಅದೇ ಅನುಕೂಲ.

ಎಲ್ಲಕ್ಕಿಂತ ದೊಡ್ಡ ತಲೆನೋವು ವಾಸನೆ. ಏಡಿಯ ಮೂತ್ರ ಹೊರಬರುವುದು ತಲೆಯ ಭಾಗದಲ್ಲಿ, ಮೀಸೆಯ ಬುಡದ ರಂಧ್ರದಿಂದ. ಅದರಲ್ಲಿ ಇತರ ಏಡಿಗಳು ಓದಬಲ್ಲ ಸುದ್ದಿಗಳಿರುತ್ತವೆ. ಮೊದಲ ಮರಿ ಹೋದ ದಾರಿಯಲ್ಲೇ ಎರಡನೆಯದು ಹೋದರೆ ಅದು ಕಲಿತಿತೆಂದು ಹೇಗೆ ಹೇಳುವುದು? ಪ್ರತಿ ಸುತ್ತಿಗೂ ನೀರು ಚೆಲ್ಲಿ, ಪೆಟ್ಟಿಗೆ ತೊಳೆದು, ಹೊಸ ನೀರು ತುಂಬಬೇಕು. ಅರ್ಧ ಮರಿಗಳಿಗೆ ಸರಿದಾರಿ ಎಡಕ್ಕಿರಬೇಕು, ಅರ್ಧಕ್ಕೆ ಬಲಕ್ಕೆ. ಇನ್ನೊಂದು ತೊಡಕು ಪೊರೆ ಕಳಚುವುದು. ಎಳೆಯವು ಮೇಲಿಂದ ಮೇಲೆ ಚಿಪ್ಪು ಕಳಚುತ್ತವೆ. ಬೆನ್ನಿಗೆ ಹಚ್ಚಿದ ಬಣ್ಣದ ಗುರುತೂ ಚಿಪ್ಪಿನ ಜೊತೆಗೇ ಹೋಗುತ್ತದೆ. ಮೈ ಮೆತ್ತಗಿರುವ ಆ ದಿನಗಳಲ್ಲಿ ಮರಿ ಅಡಗಿ ಕೂರುತ್ತದೆ, ಒಟ್ಟಿಗಿದ್ದರೆ ಒಡಹುಟ್ಟಿದವೇ ಅದನ್ನು ತಿಂದುಬಿಡುತ್ತವೆ. ಪ್ರತಿಯೊಂದಕ್ಕೂ ಬೇರೆ ಡಬ್ಬಿ, ಡಬ್ಬಿಯ ಮೇಲೆ ಸಂಖ್ಯೆ, ಪೊರೆ ಕಳಚಿದ ದಿನದ ದಾಖಲೆ ಬೇಕು. ಪೆಟ್ಟಿಗೆಗೆ ತಗಲುವ ಹಣ ಅಲ್ಪ. ಈ ಶಿಸ್ತಿನಲ್ಲೇ ಪ್ರಯೋಗದ ಬೆಲೆಯೆಲ್ಲ ಇರುವುದು.

ನೆನಪನ್ನು ಸಿಕ್ಕುದಾರಿಯಿಲ್ಲದೆಯೂ ಪರೀಕ್ಷಿಸಬಹುದು. ಬ್ಯೂನಸ್ ಐರಿಸ್‌ನಲ್ಲಿ ಹೆಕ್ಟರ್ ಮಾಲ್ಡೊನಾಡೊ ಅವರ ತಂಡ ಅಳಿವೆಯ ಏಡಿಯ ತಲೆಯ ಮೇಲಿಂದ ಒಂದು ಹಲಗೆಯನ್ನು ಹಾಯಿಸುತ್ತಿತ್ತು. ಮೊದಮೊದಲು ಏಡಿ ಹೆದರಿ ಓಡುತ್ತದೆ, ಅಪಾಯವಿಲ್ಲವೆಂದು ಕಂಡ ಮೇಲೆ ಓಡುವುದನ್ನು ಬಿಡುತ್ತದೆ. ನಡುನಡುವೆ ಕೆಲವು ನಿಮಿಷ ಬಿಡುವು ಕೊಟ್ಟು ಕಲಿಸಿದರೆ ಆ ಪಾಠ ದಿನಗಟ್ಟಲೆ ಉಳಿಯುತ್ತದೆ. ಒಂದೇ ಸಮನೆ ಹಾಯಿಸಿದರೆ ಬೇಗ ಅಳಿಸಿಹೋಗುತ್ತದೆ. ಏಡಿಯಲ್ಲಿ ಇಂಥ ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗ ಎಲ್ಲಿದೆ ಗೊತ್ತೇ? ಕಣ್ಣಿನ ದಂಟಿನೊಳಗೆ.

ಈಗ ನಮ್ಮ ತೋಟಕ್ಕೆ ಬರೋಣ. ಕೊಳೆರೋಗ ತಡೆಯಲು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಯ ನಡುವೆ ಮತ್ತೊಮ್ಮೆ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಅದಿಲ್ಲದೆ ಬೆಳೆ ಉಳಿಯದು, ಅದು ಸತ್ಯ. ಗೊನೆಯಿಂದ ತೊಟ್ಟಿಕ್ಕಿದ್ದರಲ್ಲಿ ಒಂದಷ್ಟು ಕಣಿಗೆ, ಕಣಿಯಿಂದ ತೋಡಿಗೆ ಸೇರುತ್ತದೆ. ಏಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದು ತಾಮ್ರವೇ, ಮಿತಿ ಮೀರಿದರೆ ವಿಷವೂ ಅದೇ. ತಾಮ್ರ ಬೆರೆತ ನೀರಿನಲ್ಲಿ ಕ್ರೇಫಿಶ್‌ಗಳು ಆಹಾರದ ವಾಸನೆಯ ಜಾಡು ಹಿಡಿಯಲು ತಡವರಿಸುತ್ತವೆ ಎಂಬುದು ಪ್ರಯೋಗಗಳಲ್ಲಿ ಕಂಡಿದೆ. ನೀರಿನಲ್ಲಿ ಏಡಿ ಸತ್ತಿತೋ ಉಳಿಯಿತೋ ಎಂದಷ್ಟೇ ನೋಡಿದರೆ ಇದು ಗೊತ್ತಾಗುವುದಿಲ್ಲ. ಬದುಕಿಯೂ ದಾರಿ ತಪ್ಪುವ ಮರಿಯನ್ನು ತೋರಿಸುವುದು ಸಿಕ್ಕುದಾರಿಯೊಂದೇ.

ತಾಮ್ರ ಮರಿಯ ಕಲಿಕೆಯನ್ನು ಕೆಡಿಸುತ್ತದೆಯೇ ಎಂಬ ಪ್ರಶ್ನೆಯನ್ನು ಉಜಿರೆ, ಮೂಡುಬಿದಿರೆಯ ಕಾಲೇಜುಗಳ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕೆಂಬುದು ನನ್ನ ಆಸೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ, ಮಾರ್ಗದರ್ಶನಕ್ಕೆ ದೂರ ಹೋಗಬೇಕಿಲ್ಲ. ಒಂದೇ ತಾಯಿಯ ಮರಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಶುದ್ಧ ನೀರಿನಲ್ಲೂ ಇನ್ನೊಂದನ್ನು ತೋಡಿನಲ್ಲಿ ಅಳೆದಷ್ಟೇ ತಾಮ್ರವಿರುವ ನೀರಿನಲ್ಲೂ ಸಾಕಬೇಕು. ಸಿಕ್ಕುದಾರಿಯ ಪಕ್ಕದಲ್ಲಿ ಕವಲೇ ಇಲ್ಲದ ನೇರ ಕಾಲುವೆಯೊಂದೂ ಇರಬೇಕು. ತಾಮ್ರದ ನೀರಿನ ಮರಿ ಅಲ್ಲಿಯೂ ಆಹಾರದ ಕಡೆಗೆ ಹೋಗದಿದ್ದರೆ ಕೆಟ್ಟದ್ದು ಮೂಗೋ ಕಾಲೋ ಇರಬೇಕು. ಅಲ್ಲಿ ಸಲೀಸಾಗಿ ಹೋಗಿ, ಸಿಕ್ಕುದಾರಿಯಲ್ಲಿ ಮಾತ್ರ ವಾರವಾರವೂ ಅದೇ ತಪ್ಪು ಮಾಡಿದರೆ ಕಲಿಕೆಗೇ ಪೆಟ್ಟು ಬಿದ್ದಿದೆ ಎನ್ನಲು ಆಧಾರ ಸಿಗುತ್ತದೆ. ತಾಯಿ ದೆಂಜಿಯನ್ನು ಮಾತ್ರ ಮದ್ದು ಬಿಟ್ಟ ತೋಟದಿಂದ ತರಕೂಡದು. ಬೆಳ್ತಂಗಡಿಯ ಮೂಡಣ ಅಂಚಿನಲ್ಲಿ, ಘಟ್ಟದ ಬುಡದ ತೋಡುಗಳಲ್ಲಿ, ತೋಟಗಳು ಶುರುವಾಗುವುದಕ್ಕಿಂತ ಮೇಲೆ ಹುಡುಕಬೇಕು.