ವಾರಕ್ಕೆ 16 ಗಂಟೆ, ಆಮೇಲೆ?

ಯುಜಿಸಿಯ 2018ರ ನಿಯಮಾವಳಿಯಂತೆ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಪಾಠ ಮಾಡಬೇಕು. ಕೇಳಲು ಹೆಚ್ಚೇನಲ್ಲ. ಆದರೆ ಹೊಸಪೇಟೆಯ ಯಾವ ಸ್ಟಾಫ್ ರೂಮಿಗಾದರೂ ಹೋಗಿ ನೋಡಿ: ಇಂಟರ್ನಲ್ಸ್, ಮೌಲ್ಯಮಾಪನ, ನ್ಯಾಕ್ ಕಡತ, ಚುನಾವಣಾ ಕೆಲಸ ಮುಗಿಯುವಷ್ಟರಲ್ಲಿ ಪಿಎಚ್.ಡಿ. ವಿಷಯ ಏನಿತ್ತೆಂಬುದೇ ಮರೆತಿರುತ್ತದೆ. ಅತಿಥಿ ಉಪನ್ಯಾಸಕರ ಪಾಡು ಕೇಳಲೇಬೇಡಿ.

ಹಂಪಿಯ ಮಗ್ಗುಲಲ್ಲಿ ಇದಕ್ಕೆ ತಿರುಗುಮುರುಗಾದ ಪ್ರಯೋಗ ನಡೆಯಿತು. 1991ರಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯವನ್ನು ಮೊದಲ ಕುಲಪತಿ ಚಂದ್ರಶೇಖರ ಕಂಬಾರರು ಸಂಶೋಧನೆಗೆಂದೇ ಕಟ್ಟಿದರು. ಪದವಿ ತರಗತಿಗಳ ಗದ್ದಲವಿರಲಿಲ್ಲ. ಮಲೆ ಮಾದೇಶ್ವರ, ಮಂಟೇಸ್ವಾಮಿ, ಹಾಲುಮತದ ಮಹಾಕಾವ್ಯಗಳು ಹಾಡುವವರ ಬಾಯಿಂದ ಕಾಗದಕ್ಕಿಳಿದವು, ಪ್ರಸಾರಾಂಗ ಅಚ್ಚು ಹಾಕಿತು. ಮುಂದೆ ಅಲ್ಲಿಗೂ ಎಂ.ಎ.–ಪಿಎಚ್.ಡಿ. ಸಂಯೋಜಿತ ತರಗತಿಗಳು ಬಂದವು. ಬಂದದ್ದು ಒಳ್ಳೆಯದೇ. ಎದುರು ಕೂತು ಅಡ್ಡಪ್ರಶ್ನೆ ಹಾಕುವ ಹುಡುಗರಿಲ್ಲದೆ ಸಂಶೋಧನೆ ಒಣಗುತ್ತದೆ.

ಹಾಗೆ ನೋಡಿದರೆ ಮೇಷ್ಟ್ರುಗಳಿಗೆ ಸಮಯಕ್ಕಿಂತ ಹೆಚ್ಚಾಗಿ ಕೊರತೆಯಿರುವುದು ಜೊತೆಗಾರರದು ಅನ್ನಿಸುತ್ತದೆ. ಅಮೆರಿಕದ ಓಹಿಯೊದಲ್ಲಿರುವ ಮಯಾಮಿ ವಿಶ್ವವಿದ್ಯಾಲಯದಲ್ಲಿ 1979ರಲ್ಲಿ ಶುರುವಾಗಿ, ಮಿಲ್ಟನ್ ಕಾಕ್ಸ್ ಬೆಳೆಸಿದ ಅಧ್ಯಾಪಕರ ಕಲಿಕಾ ಬಳಗದ ಕ್ರಮ ಸರಳ. ಬೇರೆ ಬೇರೆ ವಿಭಾಗದ ಹತ್ತು ಹನ್ನೆರಡು ಜನ ವರ್ಷವಿಡೀ ಆಗಾಗ ಸೇರುತ್ತಾರೆ. ತಮ್ಮ ತರಗತಿಯನ್ನೇ ಸಂಶೋಧನೆಯ ವಸ್ತು ಮಾಡಿಕೊಳ್ಳುತ್ತಾರೆ.

ನಮ್ಮ ಸೀಮೆಗೆ ಇದು ಹೇಳಿ ಮಾಡಿಸಿದಂತಿದೆ. ಕಂಪ್ಲಿಯ ತರಗತಿಯಲ್ಲಿ ಕಂಪಿಲಿಯ ರಾಜಕುಮಾರ ಕುಮಾರರಾಮನ ಪಾಠ ಬಂತೆನ್ನಿ. ಕನ್ನಡದವರ ಹತ್ತಿರ 16ನೇ ಶತಮಾನದ ನಂಜುಂಡ ಕವಿಯ ಕಾವ್ಯವಿದೆ, ಇತಿಹಾಸದವರ ಹತ್ತಿರ 1327ರಲ್ಲಿ ಕಂಪಿಲಿ ಬಿದ್ದ ಕಥೆಯಿದೆ. ಹಿಂದಿನ ಬೆಂಚಿನ ಹುಡುಗ ಅಜ್ಜಿಯಿಂದ ಮೂರನೆಯದೇ ಒಂದನ್ನು ಕೇಳಿ ಬಂದಿರಬಹುದು. ಮೂರನ್ನೂ ಒಂದೇ ಮೇಜಿನ ಮೇಲೆ ಹರವಿದರೆ ಪಾಠವೂ ಆಯಿತು, ಲೇಖನವೂ ಆಯಿತು. ಇನ್ನೊಂದು ಉದಾಹರಣೆ: ಸಂಡೂರಿನ ನಂದಿಹಳ್ಳಿ ಸ್ನಾತಕೋತ್ತರ ಕೇಂದ್ರದಲ್ಲಿ ಅದಿರು ಸಂಸ್ಕರಣೆಯನ್ನೇ ಓದಿಸುತ್ತಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ನಂಬಿದ್ದ ಮನೆಗಳು ಏನಾದವು? ಅದನ್ನು ಅರ್ಥಶಾಸ್ತ್ರದವರು ನಂದಿಹಳ್ಳಿಯವರ ಜೊತೆ ಕೂತೇ ಕೇಳಬೇಕು.

ಇಂಥ ಬಳಗಕ್ಕೆ ಹೊಸ ಕಟ್ಟಡ ಬೇಡ, ಅನುದಾನವೂ ಬೇಡ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಎರಡು ಗಂಟೆ ಕಾಲ, ಸರದಿಯಂತೆ ಒಂದೊಂದು ಊರಿನಲ್ಲಿ. ಪ್ರಾಂಶುಪಾಲರಲ್ಲಿ ಒಂದೇ ಬಿನ್ನಹ: ಆ ಎರಡು ಗಂಟೆಯನ್ನೂ ಟೈಮ್‌ಟೇಬಲ್ಲಿನಲ್ಲಿ ಬರೆಯಿರಿ, ಕಾರ್ಯಭಾರದ ಲೆಕ್ಕಕ್ಕೆ ಹಿಡಿಯಿರಿ.